ನೀರಿನ ಸರದಿ: ಮಕ್ಕಳನ್ನು ಹಂಪೆಗೆ ಕರೆತರುವ ಅಧ್ಯಾಪಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಾಪಕ ಬಂಧುಗಳೇ,

ಕಾರ್ತಿಕ ಮಾಸ ಕಳೆದು ಚಳಿ ಬಲಿಯುವ ಹೊತ್ತಿಗೆ ನಾಡಿನ ಮೂಲೆಮೂಲೆಗಳಿಂದ ಶಾಲಾ ಪ್ರವಾಸದ ಬಸ್ಸುಗಳು ಹಂಪೆಯ ಕಡೆಗೆ ಮುಖ ಮಾಡುತ್ತವೆ. ರಾತ್ರಿಯೆಲ್ಲ ನಿದ್ದೆಗೆಟ್ಟು, ಕಿಟಕಿಯ ಸಂದಿಯಿಂದ ನುಗ್ಗುವ ಗಾಳಿಗೆ ಮೈ ಮುದುಡಿಕೊಂಡು, ಬೆಳಗಿನ ಜಾವದಲ್ಲಿ ಕಮಲಾಪುರದ ಕೆರೆಯ ಬಳಿ ಕಣ್ಣುಜ್ಜುತ್ತ ಇಳಿಯುವ ಆ ಮಕ್ಕಳನ್ನೂ, ಅವರ ತಲೆಗಳನ್ನು ಎರಡೆರಡು ಬಾರಿ ಎಣಿಸುತ್ತ ಹೆಸರಿನ ಪಟ್ಟಿ ಹಿಡಿದು ನಿಂತಿರುವ ನಿಮ್ಮನ್ನೂ, ನಿವೃತ್ತನಾಗಿ ಈ ಊರಿನಲ್ಲಿ ನೆಲೆಸಿದಂದಿನಿಂದ ನಾನು ಪ್ರತಿ ವರ್ಷವೂ ಕಾಣುತ್ತ ಬಂದಿದ್ದೇನೆ. ಒಂದು ಕಾಲಕ್ಕೆ ನಾನೂ ಅಂಥದೇ ಪಟ್ಟಿ ಹಿಡಿದು ಅಲ್ಲಿಯೇ ನಿಂತಿದ್ದವನು. ಆದಕಾರಣ ಈ ಪತ್ರವನ್ನು ಹೊರಗಿನವನೊಬ್ಬನ ಉಪದೇಶವೆಂದು ಎಣಿಸದೆ, ನಿಮ್ಮ ವೃತ್ತಿಯಲ್ಲಿಯೇ ತಲೆ ನರೆತವನೊಬ್ಬನ ಅರಿಕೆಯೆಂದು ಸ್ವೀಕರಿಸಬೇಕೆಂದು ಪ್ರಾರ್ಥಿಸುತ್ತೇನೆ.

ವಿರೂಪಾಕ್ಷನ ಗೋಪುರ, ಐವತ್ತು ರೂಪಾಯಿಯ ನೋಟಿನ ಮೇಲೆ ಅಚ್ಚಾಗಿರುವ ಕಲ್ಲಿನ ರಥ, ಉಗ್ರನರಸಿಂಹ, ಕಮಲಮಹಲು, ಆನೆಲಾಯ, ಮಹಾನವಮಿ ದಿಬ್ಬ: ಇವಿಷ್ಟನ್ನು ಬಿಸಿಲೇರುವುದರೊಳಗೆ ಮುಗಿಸಿ, ಬುತ್ತಿ ಬಿಚ್ಚಿ ಉಂಡು, ಅಣೆಕಟ್ಟೆಯ ಉದ್ಯಾನದಲ್ಲಿ ದೀಪ ಹೊತ್ತುವ ವೇಳೆಗೆ ಹೊಸಪೇಟೆಯನ್ನು ಸೇರುವುದು ನನ್ನ ಕಾಲದ ಕ್ರಮವಾಗಿದ್ದಿತು, ಇಂದಿನ ಕ್ರಮವೂ ಬಹುಮಟ್ಟಿಗೆ ಅದೇ. ಇವೆಲ್ಲವೂ ನೋಡತಕ್ಕವುಗಳೇ, ಇವುಗಳಲ್ಲಿ ಒಂದನ್ನೂ ಬಿಡಿರೆಂದು ನಾನು ಹೇಳಲಾರೆ. ಆದರೆ 'ವಿಶ್ವ ಪರಂಪರೆಯ ತಾಣ' ಎಂದು ಬರೆದ ಫಲಕದ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಭಾವಚಿತ್ರ ತೆಗೆಸುವಾಗ, ಆ ಮೂರು ಪದಗಳಲ್ಲಿ ಮೊದಲನೆಯದಾದ 'ವಿಶ್ವ' ಎಂಬುದಕ್ಕೆ ನಾವು ಏನು ಅರ್ಥ ಹೇಳಿದ್ದೇವೆ? ಹಂಪೆ ಜಗತ್ಪ್ರಸಿದ್ಧವೆಂಬ ಹೆಮ್ಮೆಯೊಂದೇ ಆ ಮಾತಿನ ಅರ್ಥವಾಗಿದ್ದರೆ, ಅಷ್ಟು ದೊಡ್ಡ ಪದವನ್ನು ಅಲ್ಲಿ ಬರೆಯಬೇಕಾಗಿರಲಿಲ್ಲ. ಇರಾನಿನ ಮರುಭೂಮಿಯ ಹಳ್ಳಿಗೂ ಬಾಲಿದ್ವೀಪದ ಗದ್ದೆಗೂ ಒಮಾನಿನ ಖರ್ಜೂರದ ತೋಟಕ್ಕೂ ಅದೇ ಫಲಕ ದೊರೆತಿರುವಾಗ, ಅವರಿಗೂ ನಮಗೂ ಇರುವ ನಂಟು ಯಾವುದೆಂದು ಹತ್ತು ವರ್ಷದ ಕೂಸೊಂದು ಕೇಳಿದರೆ ಉತ್ತರ ಹೇಳಲು ನಾನು ವೃತ್ತಿಯಲ್ಲಿದ್ದಷ್ಟು ಕಾಲವೂ ಅಸಮರ್ಥನಾಗಿದ್ದೆ. ಆ ನಂಟನ್ನು ನನಗೆ ತೋರಿಸಿಕೊಟ್ಟವನು ಯಾವ ವಿದ್ವಾಂಸನೂ ಅಲ್ಲ. ನಾಲ್ಕು ವರ್ಷಗಳ ಹಿಂದೆ ಪ್ರವಾಸದ ಗುಂಪಿನಿಂದ ತಪ್ಪಿಸಿಕೊಂಡು ಬಂದಿದ್ದ ಒಬ್ಬ ಹುಡುಗ.

ಕಮಲಾಪುರದಿಂದ ಹಂಪೆಗೆ ಹೋಗುವ ದಾರಿಯಲ್ಲಿ, ಬಾಳೆಯ ತೋಟಗಳ ನಡುವೆ, ತುರ್ತು ಕಾಲುವೆ ಹರಿಯುವುದನ್ನು ನೀವು ಬಸ್ಸಿನಿಂದ ಕಂಡಿರಬಹುದು. ಅಥವಾ ಕಂಡೂ ಕಾಣದೆ ಹೋಗಿರಬಹುದು, ಏಕೆಂದರೆ ಅದಕ್ಕೆ ಫಲಕವಿಲ್ಲ. ನಾನು ಅಲ್ಲಿ ಬೆಳಗಿನ ತಿರುಗಾಟಕ್ಕೆ ಹೋಗಿದ್ದೆ. ಒಬ್ಬ ರೈತರು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಸಲಿಕೆಯಿಂದ ಕೆಸರನ್ನು ಎತ್ತಿ, ತಮ್ಮ ತೋಟದ ಮಡೆಯ ಬಾಯಿಗೆ ಮೆತ್ತುತ್ತಿದ್ದರು. ಮೊದಲ ಎರಡು ಹೆಂಟೆಗಳನ್ನು ನೀರು ಕೊಚ್ಚಿಕೊಂಡು ಹೋಯಿತು. ಮೂರನೆಯದನ್ನು ಅವರು ಬಾಳೆಯ ಒಣಗಿದ ಎಲೆಯಲ್ಲಿ ಸುತ್ತಿ ಒತ್ತಿ, ಅಂಗಾಲಿನಿಂದ ತುಳಿದರು. ಅದು ನಿಂತಿತು. ಒಳಗೆ ನುಗ್ಗುತ್ತಿದ್ದ ನೀರು ಒಂದು ಕ್ಷಣ ತಡೆದು, ತಿರುಗಿ, ಕೆಳಗಿನ ತೋಟದ ಕಡೆಗೆ ಹರಿಯತೊಡಗಿತು. ಸಮವಸ್ತ್ರದ ಹುಡುಗನೊಬ್ಬ ಬದುವಿನ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು ಇದನ್ನು ನೋಡುತ್ತಿದ್ದ. ಯಾಕೆ ಮುಚ್ಚಿದಿರೆಂದು ಕೇಳಿದ. "ನಂದು ಪಾಳಿ ಮುಗೀತಪ್ಪ, ಇನ್ನ ಕೆಳಗಿನವರ್ದು" ಎಂದರು ಅವರು. ಹುಡುಗ ಸ್ವಲ್ಪ ಯೋಚಿಸಿ, "ಮುಗೀತು ಅಂತ ಹೆಂಗೆ ಗೊತ್ತಾಯ್ತು?" ಎಂದ. ರೈತರು ನಕ್ಕು, "ನಮ್ಮಪ್ಪ ನೆರಳು ನೋಡ್ತಿದ್ದ, ನಾನು ಇದು ನೋಡ್ತೀನಿ" ಎಂದು ಅಂಗಿಯ ಜೇಬಿನೊಳಗಿನ ಮೊಬೈಲನ್ನು ತಟ್ಟಿದರು. ಅಷ್ಟರಲ್ಲಿ ಮೇಷ್ಟರೊಬ್ಬರು ಓಡಿಬಂದು ಹುಡುಗನ ಕೈ ಹಿಡಿದು ಕರೆದೊಯ್ದರು. ಅವರನ್ನು ನಾನು ಆಕ್ಷೇಪಿಸುವುದಿಲ್ಲ. ತಲೆ ಎಣಿಸುವವರ ಕಷ್ಟ ನನಗೆ ಗೊತ್ತು. ಆದರೆ ಆ ಪ್ರಶ್ನೆ ಅಲ್ಲಿಯೇ ಬದುವಿನ ಮೇಲೆ ಉಳಿಯಿತು, ಮತ್ತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಹರಿಯುವ ನೀರಿನಲ್ಲಿ ಒಬ್ಬನ ಪಾಲು ಮುಗಿದು ಇನ್ನೊಬ್ಬನದು ಆರಂಭವಾಯಿತೆಂಬುದು ಹೇಗೆ ಗೊತ್ತಾಗತಕ್ಕದ್ದು? ಅದನ್ನು ನಿರ್ಣಯಿಸತಕ್ಕವರು ಯಾರು? ನಿರ್ಣಯಿಸಿದವನ ಮಾತನ್ನು ಉಳಿದವರು ಏಕೆ ಕೇಳಬೇಕು?

ತುಂಗಭದ್ರೆಯ ತೆಂಕಣ ದಡದಲ್ಲಿ ಇಷ್ಟು ದೊಡ್ಡ ಪಟ್ಟಣ, ಇಷ್ಟು ಕಲ್ಲುಗುಡ್ಡಗಳ ಮಧ್ಯೆ, ಇಷ್ಟು ಕಡಿಮೆ ಮಳೆಯ ಸೀಮೆಯಲ್ಲಿ ಉಣ್ಣಲು ಬಾಳಲು ಸಾಧ್ಯವಾದುದು ಕಾಲುವೆಗಳಿಂದ. ಹೊಳೆಗೆ ಅಡ್ಡಲಾಗಿ ತಗ್ಗಿನ ಒಡ್ಡುಗಳನ್ನು ಹಾಕಿ, ಬಂಡೆಯಿಂದ ಬಂಡೆಗೆ ಹಾಯಿಸಿ ಕಡಿದ ಆ ಕಾಲುವೆಗಳಲ್ಲಿ ಕೆಲವು 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆಯ ಹಿನ್ನೀರಿನಿಂದ ತಮ್ಮ ಹಳೆಯ ಮೊದಲನ್ನು ಕಳೆದುಕೊಂಡವು. ತುರ್ತು ಕಾಲುವೆಯಂಥವು ಇನ್ನೂ ಹರಿಯುತ್ತಿವೆ. ರಾಜ್ಯವಾಳಿದ ನಾಲ್ಕು ವಂಶಗಳೂ ಹೋದುವು, 1565ರ ಯುದ್ಧದ ಬಳಿಕ ಅರಮನೆಗಳ ಮರದ ಭಾಗಗಳೆಲ್ಲ ಬೂದಿಯಾದುವು, ಪೇಟೆಬೀದಿಗಳಲ್ಲಿ ಹುಲ್ಲು ಬೆಳೆಯಿತು. ಕಾಲುವೆಯ ನೀರು ಮಾತ್ರ ಯಾರನ್ನೂ ಕೇಳದೆ ಬಾಳೆಯ ಬುಡಕ್ಕೆ ಬರುತ್ತಲೇ ಇದ್ದಿತು. ಹೀಗಿರಲು ಹಂಪೆಯಲ್ಲಿ ಹಾಳಾಗದೆ ಉಳಿದಿರುವ ವಿಜಯನಗರದ ಕಟ್ಟಡ ಯಾವುದೆಂದು ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ, ನಾನಾದರೆ ತುರ್ತು ಕಾಲುವೆಯೆಂದು ಬರೆದ ಮಗುವಿಗೆ ಪೂರ್ಣಾಂಕ ಕೊಡುವೆನು.

ಅಧ್ಯಾಪಕನಾಗುವ ಮೊದಲು ನಾನು ಕೋಲಾರ ಸೀಮೆಯ ಕೆರೆಯ ಊರೊಂದರ ಹುಡುಗನಾಗಿದ್ದೆ. ಅಲ್ಲಿ ಪಾಳಿಯನ್ನು ನಿರ್ಣಯಿಸುತ್ತಿದ್ದವನು ನೀರಗಂಟಿ. ಕೆರೆಯ ತೂಬನ್ನು ಎತ್ತುವುದೂ ಇಳಿಸುವುದೂ, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ತೀರ್ಮಾನಿಸುವುದೂ, ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ಭಾಗಕ್ಕೆ ಭತ್ತ, ಎಷ್ಟಕ್ಕೆ ರಾಗಿ ಎಂದು ಹಿರಿಯರಿಗೆ ತಿಳಿಸುವುದೂ ಅವನ ಕೆಲಸ. ಅವನ ಕೈಯಲ್ಲಿ ಪುಸ್ತಕವಿರಲಿಲ್ಲ, ಗಡಿಯಾರವಿರಲಿಲ್ಲ. ತೂಬಿನ ಕಂಬದ ಮೇಲೆ ನೀರು ಎಲ್ಲಿಗೆ ಇಳಿದಿದೆಯೆಂಬುದನ್ನು ದೂರದಿಂದ ನೋಡಿಯೇ ಎಷ್ಟು ದಿನದ ನೀರು ಉಳಿದಿದೆಯೆಂದು ಹೇಳುತ್ತಿದ್ದ. ಸುಗ್ಗಿಯಲ್ಲಿ ಪ್ರತಿಯೊಬ್ಬರ ಕಣಕ್ಕೂ ಬಂದು ತನ್ನ ಆಯದ ಧಾನ್ಯವನ್ನು ಅಳೆಯಿಸಿಕೊಳ್ಳುತ್ತಿದ್ದ. ನಮ್ಮೂರಿನಲ್ಲಿ ಮಾತ್ರವಲ್ಲ, ಬಹುಕಡೆಗಳಲ್ಲಿ ನೀರಗಂಟಿಯಾಗುತ್ತಿದ್ದವರು ಅಸ್ಪೃಶ್ಯರೆಂದು ಊರಾಚೆ ಇರಿಸಲ್ಪಟ್ಟ ಸಮುದಾಯದವರು. ಊರ ಬಾವಿಯಿಂದ ಒಂದು ಕೊಡ ನೀರನ್ನು ಸೇದಲು ಹಕ್ಕಿಲ್ಲದವನು ಊರಿನ ಸಮಸ್ತ ಗದ್ದೆಗಳಿಗೆ ನೀರು ಹಂಚುತ್ತಿದ್ದನು. ಅವನ ಹಂಚಿಕೆಯ ಮಾತನ್ನು ಗೌಡರೂ ಶ್ಯಾನುಭೋಗರೂ ಎದುರಾಡದೆ ಒಪ್ಪುತ್ತಿದ್ದರು, ಆದರೆ ಅವನನ್ನು ಜಗಲಿಯ ಮೇಲೆ ಕೂರಿಸುತ್ತಿರಲಿಲ್ಲ. ಈ ಮಾತನ್ನು ಮಕ್ಕಳಿಂದ ಮುಚ್ಚಿಡಬೇಡಿರಿ. ಪರಂಪರೆಯೆಂಬುದನ್ನು ಬೆಳಕಿನ ಕಡೆಯಿಂದ ಮಾತ್ರ ತೋರಿಸಿದರೆ ಅವರು ಮುಂದೆ ಎಂದಾದರೂ ಕತ್ತಲೆಯನ್ನು ಕಂಡಾಗ ನಮ್ಮ ಮಾತಿನ ಬೆಳಕನ್ನೂ ನಂಬಲಾರರು.

ನಮ್ಮೂರಿನ ದೇವಸ್ಥಾನದ ಪುರೋಹಿತರ ಮನೆಯಲ್ಲಿ ಒಂದು ಗಳಿಗೆ ಬಟ್ಟಲು ಇದ್ದಿತು. ತಾಮ್ರದ ತೆಳುವಾದ ಬಟ್ಟಲು. ತಳದಲ್ಲಿ ಸೂಜಿಯ ಮೊನೆಯಷ್ಟು ರಂಧ್ರ. ಮದುವೆಯ ದಿನ ಅದನ್ನು ನೀರು ತುಂಬಿದ ಹಂಡೆಯಲ್ಲಿ ತೇಲಿಬಿಡುತ್ತಿದ್ದರು. ರಂಧ್ರದಿಂದ ನೀರು ಎಳೆಯಾಗಿ ಒಳಬರುತ್ತ, ಬಟ್ಟಲು ಕಾಣದಷ್ಟು ನಿಧಾನವಾಗಿ ತಗ್ಗುತ್ತ, ಕಡೆಗೆ ಅಂಚು ನೀರಿಗೆ ಸಮನಾದೊಡನೆ ಒಂದೇ ಸಲಕ್ಕೆ ಬುಳುಕ್ಕೆಂದು ಮುಳುಗುತ್ತಿತ್ತು. ಅದು ಒಂದು ಗಳಿಗೆ: ಇಂದಿನ ಲೆಕ್ಕದಲ್ಲಿ 24 ನಿಮಿಷ; ಅರವತ್ತು ಬಾರಿ ಮುಳುಗಿದರೆ ಒಂದು ದಿನ. ಮುಹೂರ್ತಕ್ಕಾಗಿ ಮಾತ್ರ ಬಳಸುವ ಮಂಗಳವಸ್ತುವೆಂದೇ ನಾನು ಅದನ್ನು ತಿಳಿದಿದ್ದೆ.

ಅದೇ ಬಟ್ಟಲು ಇರಾನಿನಲ್ಲಿ ನೀರಿನ ಪಾಲನ್ನು ಅಳೆಯುತ್ತಿದ್ದಿತೆಂದು ತಿಳಿದಾಗ ನನಗಾದ ರೋಮಾಂಚನವನ್ನು ನೀವೇ ಊಹಿಸಿರಿ. ಗುಡ್ಡದ ಬುಡದಲ್ಲಿ ಆಳವಾದ ತಾಯಿಬಾವಿಯನ್ನು ತೋಡಿ, ಅಲ್ಲಿಂದ ನೆಲದೊಳಗೆ ಹರದಾರಿಗಟ್ಟಲೆ ಸುರಂಗವನ್ನು ಅತ್ಯಲ್ಪ ಇಳಿಜಾರಿನಲ್ಲಿ ಕೊರೆದು, ನಡುನಡುವೆ ಗಾಳಿಗಾಗಿಯೂ ಮಣ್ಣು ಎತ್ತುವುದಕ್ಕಾಗಿಯೂ ಬಾವಿಗಳನ್ನು ಇಳಿಸಿ, ಕಡೆಗೆ ಒಣಬಯಲಿನಲ್ಲಿರುವ ಊರಿನ ಬಾಗಿಲಿಗೆ ತಣ್ಣನೆಯ ನೀರನ್ನು ತಂದು ಬಿಡುವ ಕನಾತ್ ಎಂಬ ಆ ವ್ಯವಸ್ಥೆಯ ಹನ್ನೊಂದು ನಿದರ್ಶನಗಳು 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದವು. ಅವುಗಳಲ್ಲಿ ಗೊನಾಬಾದಿನದರ ತಾಯಿಬಾವಿಯ ಆಳ 300 ಮೀಟರಿಗೂ ಮಿಕ್ಕಿದ್ದು. ನೀರು ಹೊರಬರುವ ಎಡೆಯಲ್ಲಿ ಅದನ್ನು ಹಂಚುವವನು ಮೀರಾಬ್, ಎಂದರೆ ನೀರಿನ ಒಡೆಯ. ಹೆಸರೇನೋ ಒಡೆಯ, ಕೆಲಸ ನಮ್ಮ ನೀರಗಂಟಿಯದೇ. ನೀರಿನ ಕೊಪ್ಪರಿಗೆ, ಅದರಲ್ಲಿ ತೇಲುವ ಬಟ್ಟಲು, ತಳದಲ್ಲಿ ರಂಧ್ರ. ಮುಳುಗಿದ ಬಟ್ಟಲನ್ನು ಎತ್ತಿ, ಬರಿದುಮಾಡಿ, ಮತ್ತೆ ತೇಲಿಬಿಡುತ್ತ, ಮುಳುಗಿದ ಸಂಖ್ಯೆಯಿಂದ ಪ್ರತಿಯೊಬ್ಬನ ಪಾಲನ್ನು ನಿಶ್ಚಯಿಸುತ್ತಿದ್ದರು. ನಮ್ಮಲ್ಲಿ ವಧೂವರರ ನಡುವಣ ಅಂತಃಪಟವನ್ನು ಸರಿಸಲು ಕಾದು ಕುಳಿತಿರುತ್ತಿದ್ದ ಬಟ್ಟಲು, ಅಲ್ಲಿ ದಾಳಿಂಬೆಯ ತೋಟದ ಮಡೆಯನ್ನು ತಿರುಗಿಸಲು ಕಾಯುತ್ತಿದ್ದಿತು.

ಒಮಾನಿನಲ್ಲಿ ಹಗಲು ಬಿಸಿಲಿಗೆ ಕೊರತೆಯಿಲ್ಲ, ಇರುಳು ಮೋಡದ ತಡೆಯಿಲ್ಲ. ಆದುದರಿಂದ ಅವರು ಬಟ್ಟಲಿಗೆ ಬದಲಾಗಿ ಆಕಾಶವನ್ನೇ ಗಡಿಯಾರ ಮಾಡಿಕೊಂಡರು. ಊರ ನಡುವೆ ನೆಟ್ಟ ಕೋಲಿನ ನೆರಳು ಹಗಲಿನ ಪಾಳಿಯನ್ನು ಹೇಳಿದರೆ, ಇಂಥ ನಕ್ಷತ್ರ ಇಂಥ ಗುಡ್ಡದ ಅಂಚಿನಿಂದ ಮೇಲೇಳುವುದು ಇರುಳಿನ ಪಾಳಿಯನ್ನು ಹೇಳುವುದು. ಪಾಲಿನ ಒಂದು ಅಳತೆಗೆ ಅಥರ್ ಎಂದು ಹೆಸರು. ಸುಮಾರು ಅರ್ಧ ಗಂಟೆ, ನಮ್ಮ ಗಳಿಗೆಗಿಂತ ತುಸುವೇ ದೀರ್ಘ. 2006ರಲ್ಲಿ ಅಲ್ಲಿನ ಐದು ಫಲಜ್‌ಗಳು ಪಟ್ಟಿಯನ್ನು ಸೇರಿದವು. ಅಂಥವು ಇನ್ನೂ ಮೂರು ಸಾವಿರದಷ್ಟು ಆ ದೇಶದಲ್ಲಿ ಬಳಕೆಯಲ್ಲಿವೆ. ಫಲಜ್ ಎಂಬ ಶಬ್ದದ ಧಾತುವಿಗೆ ಅರ್ಥ ಹಂಚು, ಪಾಲುಮಾಡು ಎಂದು. ಕಾಲುವೆಗೆ ಹರಿವಿನಿಂದ ಹೆಸರಿಡದೆ ಹಂಚಿಕೆಯಿಂದ ಹೆಸರಿಟ್ಟ ಆ ಜನರ ವಿವೇಕ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಫಲಜ್‌ನ ಆಡಳಿತ ನೋಡುವವನನ್ನು ಅವರು ವಕೀಲನೆಂದು ಕರೆಯುತ್ತಾರೆ. ಪಾಲುಗಳ ಲೆಕ್ಕ ಬರೆಯುವವನು ದಫ್ತರದ ಅಮೀನ. ವಕೀಲ, ಅಮೀನ, ದಫ್ತರ, ಮೂರೂ ಕನ್ನಡದ ಕಚೇರಿಗಳಲ್ಲಿ ಮುನ್ನೂರು ವರ್ಷಗಳಿಂದ ಓಡಾಡಿಕೊಂಡಿರುವ ಮಾತುಗಳು. ನಮ್ಮಲ್ಲಿ ನ್ಯಾಯಾಲಯದ ಮೆಟ್ಟಿಲಲ್ಲಿ ನಿಂತುಬಿಟ್ಟ ಅವು ಅಲ್ಲಿ ಖರ್ಜೂರದ ಮರದ ಬುಡದವರೆಗೆ ನಡೆದುಕೊಂಡು ಹೋಗಿವೆ. ಮಸ್ಕತಿನಲ್ಲಿ ದುಡಿಯುವ ಅಣ್ಣನೋ ಚಿಕ್ಕಪ್ಪನೋ ಇರುವ ಮಗು ಕರಾವಳಿಯ ನಿಮ್ಮ ತರಗತಿಯಲ್ಲಿ ಒಂದಾದರೂ ಇದ್ದೇ ಇರುತ್ತದೆ. ಆ ಮಗುವಿನ ಮೂಲಕವೇ ಈ ಪಾಠವನ್ನು ಆರಂಭಿಸಬಹುದು.

ಇಷ್ಟು ದೂರ ಹೋಗುವುದೇಕೆ, ಬೀದರಿಗೆ ಹೋಗಿರಿ. ಇರಾನಿನ ಗೀಲಾನಿನಿಂದ ಬಂದ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸವನ್ನು ಎಲ್ಲರೂ ತೋರಿಸುತ್ತಾರೆ. ಆದರೆ ಆ ಬಹಮನಿ ರಾಜಧಾನಿಗೆ ಪರ್ಷಿಯದಿಂದ ಬಂದ ವಿದ್ಯೆಗಳಲ್ಲಿ ಕನಾತ್ ಕೊರೆಯುವ ವಿದ್ಯೆಯೂ ಒಂದೆಂಬುದಕ್ಕೆ ನೌಬಾದಿನ ಕರೇಜ್ ಸಾಕ್ಷಿಯಾಗಿ ನಿಂತಿದೆ. ಜಂಬಿಟ್ಟಿಗೆಯ ಕಲ್ಲಿನ ನೆಲದೊಳಗೆ ಸುರಂಗ, ಮೇಲೆ ಸಾಲಾಗಿ ಬಾಯ್ದೆರೆದ ಬಾವಿಗಳು. ಆ ಊರಿನವರು ಅದನ್ನು ಸುರಂಗ ಬಾವಿಯೆಂದೇ ಕರೆಯುತ್ತಾರೆ. ಇನ್ನು ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗುಡ್ಡಗಳಲ್ಲಿ ಅಡಿಕೆಯ ತೋಟಕ್ಕಾಗಿ ಅಡ್ಡಲಾಗಿ ಕೊರೆದ ಸುರಂಗಗಳನ್ನು ಯಾವ ಸುಲ್ತಾನನೂ ಮಾಡಿಸಿದ್ದಲ್ಲ. ಪಿಕಾಸಿ ಹಿಡಿದ ಸಾಮಾನ್ಯರು ಮಾಡಿದ್ದು. ಅಮೈ ಮಹಾಲಿಂಗ ನಾಯ್ಕರು ಒಂದಾದ ಮೇಲೊಂದರಂತೆ ಸುರಂಗಗಳು ಒಣಗಿದ್ದಾಗಿ ನಿಂತರೂ ಬಿಡದೆ, ಒಬ್ಬರೇ ಕೊರೆದು, ಬೋಳುಗುಡ್ಡವನ್ನು ತೋಟವಾಗಿಸಿದ್ದಕ್ಕಾಗಿ 2022ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಇವರ ಸುರಂಗದ ಮುಂದೆ ವಿಶ್ವ ಪರಂಪರೆಯ ಫಲಕವಿಲ್ಲ. ಗೊನಾಬಾದಿನ ಕನಾತ್ ಕೊರೆದವರು ಬಂದು ನೋಡಿದ್ದರೆ ಒಡನೆಯೇ ಗುರುತು ಹಿಡಿಯುತ್ತಿದ್ದರು.

ಬಾಲಿಯ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಹುಡುಗನ ಮಾತಿನಿಂದ ನನ್ನಲ್ಲಿ ಹುಟ್ಟಿದ ಪ್ರಶ್ನೆಗಳಲ್ಲಿ ಕಡೆಯದಾದ ಮತ್ತು ಅತಿ ಕಠಿನವಾದ ಪ್ರಶ್ನೆಗೆ, ಎಂದರೆ ಮೇಲಿನವನು ಕೆಳಗಿನವನಿಗೆ ನೀರನ್ನು ಏಕೆ ಬಿಡಬೇಕೆಂಬುದಕ್ಕೆ, ಅಲ್ಲಿ ದೊರೆತಷ್ಟು ಸ್ಪಷ್ಟವಾದ ಉತ್ತರ ನನಗೆ ಬೇರೆಲ್ಲಿಯೂ ದೊರೆತಿಲ್ಲ. ಅಲ್ಲಿ ಒಂದೇ ಕಾಲುವೆಯ ನೀರುಣ್ಣುವ ಗದ್ದೆಗಳವರೆಲ್ಲ ಸೇರಿದ ಕೂಟಕ್ಕೆ ಸುಬಕ್ ಎಂದು ಹೆಸರು. ಒಂಬತ್ತನೆಯ ಶತಮಾನದಷ್ಟು ಹಿಂದಿನಿಂದ ಬಂದ ಈ ಏರ್ಪಾಡು 2012ರಲ್ಲಿ ಪಟ್ಟಿಯನ್ನು ಸೇರಿತು. ಅವರು ಕಾಲವನ್ನು ಅಳೆಯುವುದಕ್ಕಿಂತ ಹೆಚ್ಚಾಗಿ ಹರಿವನ್ನೇ ಸೀಳುತ್ತಾರೆ: ಕಾಲುವೆಗೆ ಅಡ್ಡಲಾಗಿ ಮರದ ದಿಮ್ಮಿಯೊಂದನ್ನು ಇಟ್ಟು, ಅದರಲ್ಲಿ ಪಾಲಿಗೆ ತಕ್ಕಷ್ಟು ಅಗಲದ ಕಚ್ಚುಗಳನ್ನು ಕೆತ್ತಿದರೆ, ನೀರು ಹೆಚ್ಚು ಬಂದ ದಿನ ಎಲ್ಲರಿಗೂ ಹೆಚ್ಚು, ಕಡಿಮೆ ಬಂದ ದಿನ ಎಲ್ಲರಿಗೂ ಕಡಿಮೆ. ಯಾವ ಸುಬಕ್ ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆಯನ್ನು ಬೀಳುಬಿಡಬೇಕು ಎಂಬುದು ಜಲದೇವಾಲಯಗಳಲ್ಲಿ ನಿರ್ಣಯವಾಗುತ್ತದೆ. ಅವುಗಳಲ್ಲಿ ಹಿರಿದಾದುದು ಬಾತೂರ್ ಸರೋವರದ ಅಧಿದೇವತೆಯಾದ ದೇವಿ ದಾನುವಿನದು. ಇಲ್ಲಿ ಭಕ್ತಿ ಎಷ್ಟಿದೆಯೋ ಬೇಸಾಯದ ಸೂಕ್ಷ್ಮವೂ ಅಷ್ಟೇ ಇದೆ. ಎಲ್ಲರೂ ಒಂದೇ ಬಾರಿಗೆ ನಾಟಿ ಮಾಡಿದರೆ ಕೆಳಗಿನವರಿಗೆ ನೀರು ಸಾಲದು; ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ಮಾಡಿದರೆ ಇಲಿಗಳೂ ಕಂದು ಜಿಗಿಹುಳುಗಳೂ ಒಬ್ಬನ ಗದ್ದೆಯಿಂದ ಇನ್ನೊಬ್ಬನ ಗದ್ದೆಗೆ ಹಾರುತ್ತ ವರ್ಷವಿಡೀ ಬದುಕಿಕೊಳ್ಳುವುವು. ನೆರೆಯ ಗದ್ದೆಗಳು ಒಟ್ಟಿಗೆ ಬೀಳುಬಿದ್ದರೆ ಮಾತ್ರ ಹುಳುವಿಗೆ ಉಪವಾಸ. ಮೇಲಿನವನಿಗೆ ಕೆಳಗಿನವನ ಭಯ ನೀರಿನಿಂದಲ್ಲ, ಹುಳುವಿನಿಂದ. ಕೆಳಗಿನವನ ಗದ್ದೆಗೆ ನೀರು ತಡವಾಗಿ ಹೋದರೆ ಅವನ ಪೈರಿನ ಪೀಡೆ ಇವನ ಪೈರಿಗೆ ಬರುವುದು.

1970ರ ದಶಕದಲ್ಲಿ ಹೊಸ ಬೀಜ, ಹೊಸ ಗೊಬ್ಬರಗಳೊಂದಿಗೆ ಬಂದ ಅಧಿಕಾರಿಗಳು ವರ್ಷದಲ್ಲಿ ಸಾಧ್ಯವಾದಷ್ಟು ಬೆಳೆ ತೆಗೆಯಿರೆಂದು ಬಾಲಿಯ ರೈತರಿಗೆ ಬೋಧಿಸಿದರು; ದೇವಾಲಯದ ಪಂಚಾಂಗ ಬದಿಗೆ ಸರಿಯಿತು; ಕೆಲವೇ ವರ್ಷಗಳಲ್ಲಿ ನೀರಿನ ಜಗಳವೂ ಹುಳುವಿನ ಹಾವಳಿಯೂ ಒಟ್ಟಿಗೆ ಎದ್ದುವು. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಅವರು ಜೇಮ್ಸ್ ಕ್ರೆಮರ್ ಎಂಬ ವಿಜ್ಞಾನಿಯೊಡನೆ ಕೂಡಿ ಈ ಗದ್ದೆಗಳನ್ನೂ ಕಾಲುವೆಗಳನ್ನೂ ಕಂಪ್ಯೂಟರಿನ ಗಣಿತಕ್ಕೆ ಇಳಿಸಿ ನೋಡಿದಾಗ, ಪೂಜಾರಿಗಳೂ ರೈತರೂ ಕೂಡಿ ನಡೆಸಿಕೊಂಡು ಬಂದಿದ್ದ ಕ್ರಮವೇ ಫಸಲಿಗೆ ಅತ್ಯುತ್ತಮವಾದುದಕ್ಕೆ ಬಹು ಸಮೀಪವಾಗಿದೆಯೆಂದು ಕಂಡಿತು. ನಮ್ಮಲ್ಲಿಯೂ ಕೆರೆಗಳು ಸರ್ಕಾರದ ಇಲಾಖೆಗಳ ಕೈಗೆ ಹೋದ ಮೇಲೆ ನೀರಗಂಟಿಯ ಕೆಲಸ ಹೇಗೆ ಹೇಳಹೆಸರಿಲ್ಲದೆ ಸೊರಗಿತೆಂಬುದನ್ನು ಬಲ್ಲವರಿಗೆ ಬಾಲಿಯ ಈ ವೃತ್ತಾಂತ ಪರದೇಶದ ಸುದ್ದಿಯಾಗಿ ತೋರದು.

ದೋರಸಮುದ್ರವನ್ನು, ಎಂದರೆ ಇಂದಿನ ಹಳೇಬೀಡನ್ನು, ನೀವು ಹಂಪೆಯ ಪ್ರವಾಸದೊಡನೆ ಸೇರಿಸಿಕೊಳ್ಳುವುದುಂಟು. ಬೇಲೂರು, ಸೋಮನಾಥಪುರಗಳೊಡನೆ 2023ರಲ್ಲಿ ಅದೂ ಪಟ್ಟಿಯನ್ನು ಸೇರಿತು. ಆ ರಾಜಧಾನಿಗೆ ಹೆಸರು ಬಂದುದು ಅದರ ಕೆರೆಯಿಂದ. ಸಮುದ್ರದಿಂದ ದೂರವಿರುವ ನಾಡಿನವರು ತಮ್ಮ ಕೆರೆಯನ್ನೇ ಸಮುದ್ರವೆಂದು ಕರೆದುಕೊಂಡರು. ಸಮುದ್ರ ಸುತ್ತುವರಿದ ಸಿಂಹಳದವರು ಕೂಡ, ಪೊಲೊನ್ನರುವದಲ್ಲಿ ಹನ್ನೆರಡನೆಯ ಶತಮಾನದ ಪರಾಕ್ರಮಬಾಹುವಿನ ಕೆರೆಗೆ ಪರಾಕ್ರಮಸಮುದ್ರವೆಂದೇ ಹೆಸರಿಟ್ಟರು. ಅಲ್ಲಿನ ನೀರಗಂಟಿಗೆ ವೆಲ್ ವಿದಾನೆ ಎಂದು ಹೆಸರು. ಅನುರಾಧಪುರದ ತಿಸ್ಸ ಕೆರೆಗೆ ಕಲಾವೆವದಿಂದ ನೀರು ತರುವ ಜಯಗಂಗಾ ಕಾಲುವೆ 87 ಕಿಲೋಮೀಟರ್ ಉದ್ದದ್ದು; ಅದರ ಮೊದಲ ಹದಿನೇಳು ಮೈಲಿಗಳಲ್ಲಿ ಇಳಿಜಾರು ಮೈಲಿಗೆ ಆರು ಅಂಗುಲ ಮಾತ್ರ. ಒಂದು ಗೇಣಿಗಿಂತ ಕಡಿಮೆ! ಫ್ರಾನ್ಸಿನ ಪೋಂ ದ್ಯು ಗಾರ್ ಎಂಬ ಮೂರಂತಸ್ತಿನ ಸೇತುವೆಯ ಚಿತ್ರವನ್ನು ಪಠ್ಯಪುಸ್ತಕದಲ್ಲಿ ಕಂಡವರು ಅದು ನದಿ ದಾಟುವ ದಾರಿಯೆಂದು ತಿಳಿಯುತ್ತಾರೆ. ಅದು ನೀಮ್ ಪಟ್ಟಣಕ್ಕೆ ಸುಮಾರು 50 ಕಿಲೋಮೀಟರಿನಿಂದ ನೀರು ತಂದ ರೋಮನರ ಕಾಲುವೆಯ ಒಂದು ತುಂಡು, ಮತ್ತು ಅಷ್ಟುದ್ದಕ್ಕೂ ಒಟ್ಟು ಇಳಿಜಾರು ಹನ್ನೆರಡು ಹದಿಮೂರು ಮೀಟರು. ಹಂಪೆಯ ಪುಷ್ಕರಿಣಿಯ ಪಕ್ಕದಲ್ಲಿ ಕಲ್ಲಿನ ಕಂಬಗಳ ಮೇಲೆ ಸಾಗುವ ದೋಣಿಗಾಲುವೆಯನ್ನು ಮುಟ್ಟಿ ನೋಡಿದ ಮಗುವಿಗೆ ಆ ಚಿತ್ರ ಒಡನೆಯೇ ಅರ್ಥವಾಗುವುದು. ರೋಮ್ ನಗರದಲ್ಲಿ ಕ್ರಿ.ಶ. 97ರಲ್ಲಿ ನೀರಿನ ಅಧಿಕಾರಿಯಾಗಿ ನೇಮಕಗೊಂಡ ಫ್ರಾಂಟಿನಸ್ ಎಂಬವನು ಮೊದಲು ಮಾಡಿದ ಕೆಲಸ, ಕೊಳವೆಗಳ ಅಳತೆಯನ್ನೆಲ್ಲ ಹೊಸದಾಗಿ ತೆಗೆದು, ಬೀದಿಯ ಹಾಸುಗಲ್ಲಿನ ಕೆಳಗೆ ಕಳ್ಳತನದಿಂದ ತೂತು ಕೊರೆದು ನೀರೆಳೆದುಕೊಂಡವರನ್ನು ಹುಡುಕುವುದು. ರಾತ್ರಿಯ ಹೊತ್ತು ಪಕ್ಕದವನ ಮಡೆ ಒಡೆಯುವವನನ್ನು ಹಿಡಿಯಲು ಬದುವಿನ ಮೇಲೆ ಕಂಬಳಿ ಹೊದ್ದು ಕುಳಿತಿರುತ್ತಿದ್ದ ನಮ್ಮೂರಿನ ನೀರಗಂಟಿ ಈ ಮಹಾಶಯನ ಕೈ ಹಿಡಿದು ಮಾತಾಡಿಸಬಹುದಾಗಿತ್ತು.

ಇಷ್ಟನ್ನು ಕಂಡ ಮೇಲೆ ಒಂದು ಸಂಶಯ ಏಳುವುದು ಸಹಜ: ಈ ನಂಟು ಇಷ್ಟು ಸ್ಪಷ್ಟವಾಗಿದ್ದರೆ ಪಟ್ಟಿಯಲ್ಲಿ ಏಕೆ ಕಾಣುವುದಿಲ್ಲ? ಪರಂಪರೆಯ ರಕ್ಷಣೆ ಲೋಕದ ಸಮಸ್ತರ ಹೊಣೆಯೆಂಬ ಭಾವನೆಗೆ ಬಲ ಬಂದುದೇ ನೀರಿನಿಂದ. ನೈಲ್ ನದಿಗೆ ಅಸ್ವಾನಿನಲ್ಲಿ ಎದ್ದ ಅಣೆಕಟ್ಟೆಯ ಹಿನ್ನೀರಿನಲ್ಲಿ ಅಬು ಸಿಂಬೆಲಿನ ದೇವಾಲಯಗಳು ಮುಳುಗಲಿದ್ದಾಗ, 1960ರಲ್ಲಿ ಯುನೆಸ್ಕೊ ಕರೆಕೊಟ್ಟು, ಅನೇಕ ದೇಶಗಳು ಕೂಡಿ, ಅವನ್ನು ತುಂಡುತುಂಡಾಗಿ ಕೊಯ್ದು ಎತ್ತರಕ್ಕೆ ಒಯ್ದು ಮರಳಿ ನಿಲ್ಲಿಸಿದುವು. ಆ ಅನುಭವದ ಬೆನ್ನಿಗೆ 1972ರ ಒಡಂಬಡಿಕೆ ಬಂದಿತು. ಆರಂಭದಲ್ಲಿ ಅದರ ಕಣ್ಣಿಗೆ ಕಟ್ಟಡವೇ ಮುಖ್ಯವಾಗಿ ಕಂಡಿತು. ಮನುಷ್ಯನೂ ಪ್ರಕೃತಿಯೂ ಕೂಡಿ ರೂಪಿಸಿದ ನೆಲವೂ ಪರಂಪರೆಯೇ ಎಂದು ನಿಯಮಾವಳಿಯಲ್ಲಿ ಸೇರಿದುದು 1992ರಲ್ಲಿ. ಫಿಲಿಪೀನ್ಸಿನ ಇಫುಗಾವೊ ಜನರ ಬೆಟ್ಟದ ಗದ್ದೆಗಳು 1995ರಲ್ಲಿ ಒಳಬಂದುದು ಆ ಬಾಗಿಲಿನಿಂದ. ಹಂಪೆ ಸೇರಿದುದು 1986ರಲ್ಲಿ, 'ಸ್ಮಾರಕಗಳ ಸಮೂಹ'ವೆಂಬ ಹೆಸರಿನಿಂದ. ಇನ್ನು ಕಲ್ಲಿಲ್ಲದ ರೂಢಿಗಳಿಗೆ ಮತ್ತೊಂದು ಪಟ್ಟಿ. ಸ್ಪೇನಿನ ವಲೆನ್ಸಿಯದಲ್ಲಿ ಪ್ರತಿ ಗುರುವಾರ ನಡುಹಗಲಿಗೆ, ದೊಡ್ಡ ಇಗರ್ಜಿಯ ಬಾಗಿಲ ಮುಂದೆ, ರೈತರೇ ಆರಿಸಿದ ಪಂಚರು ಕುಳಿತು ಕಾಲುವೆಯ ವ್ಯಾಜ್ಯಗಳನ್ನು ಬಾಯಿಮಾತಿನಲ್ಲಿಯೇ ಕೇಳಿ ಅಲ್ಲಿಯೇ ತೀರ್ಪು ಕೊಡುವ ಜಲನ್ಯಾಯಮಂಡಲಿ 2009ರಲ್ಲಿ ಆ ಎರಡನೆಯ ಪಟ್ಟಿಯನ್ನು ಸೇರಿತು. ಕಾಲುವೆ ಒಂದು ಪಟ್ಟಿಯಲ್ಲಿ, ಕಾಲುವೆಯ ನ್ಯಾಯ ಇನ್ನೊಂದರಲ್ಲಿ. ಆಡಳಿತಕ್ಕೆ ಇದು ಅನುಕೂಲವಿರಬಹುದು, ಆದರೆ ಪಾಠ ಹೇಳುವ ನಾವು ಈ ಗೋಡೆಯನ್ನು ಒಪ್ಪಿಕೊಳ್ಳಬೇಕಾದುದಿಲ್ಲ.

ನಮ್ಮ ಹಿಂದಿನವರು ಒಪ್ಪಿರಲಿಲ್ಲ. ಬುಕ್ಕರಾಯನ ಮಗ ಭಾಸ್ಕರನು ಕಡಪದ ಪೊರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನದಲ್ಲಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳೂ ಆಗಬಾರದ ಆರು ದೋಷಗಳೂ ಕ್ರಮವಾಗಿ ಕೆತ್ತಲ್ಪಟ್ಟಿವೆ. ಎರಡು ವರ್ಷ ಪ್ರತಿದಿನ ಸಾವಿರ ಆಳುಗಳೂ ನೂರು ಬಂಡಿಗಳೂ ದುಡಿದ ಲೆಕ್ಕವೂ ಇದೆ. ಧರ್ಮಾತ್ಮನಾದ ಒಡೆಯನಿಂದ ಹಿಡಿದು ಗಟ್ಟಿಮಣ್ಣಿನ ನೆಲದವರೆಗೆ, ನೀರಿನ ವಿದ್ಯೆ ಬಲ್ಲ ಬ್ರಾಹ್ಮಣನಿಂದ ಹಿಡಿದು ಕಲ್ಲುಕೆಲಸದ ಕುಶಲರವರೆಗೆ ಎಲ್ಲವೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ಕೆರೆಯ ದುರಸ್ತಿಗೆಂದು ಬಿತ್ತುವಟ್ಟವಾಗಿ ನೆಲ ಬಿಟ್ಟ ಶಾಸನಗಳು ನಮ್ಮ ಊರೂರುಗಳಲ್ಲಿ ಬಿದ್ದಿವೆ. ನಿಮ್ಮ ಶಾಲೆಯ ಊರಿನಲ್ಲಿಯೂ ಒಂದಿರಬಹುದು. ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿರಲಿಕ್ಕೂ ಸಾಕು, ಒಮ್ಮೆ ತಿರುಗಿಸಿ ನೋಡಿರಿ.

ಈಗ ನನ್ನ ಅರಿಕೆ. ಈ ವರ್ಷ ಬರುವ ಮೊದಲು ನಿಮ್ಮೂರಿನ ಪಾತ್ರೆಯಂಗಡಿಯಿಂದ ತಾಮ್ರದ ಸಣ್ಣ ಬಟ್ಟಲೊಂದನ್ನು ಕೊಂಡು, ತಳಕ್ಕೆ ಸಣ್ಣ ಮೊಳೆಯಿಂದ ರಂಧ್ರ ಮಾಡಿಸಿರಿ. ಬಕೆಟ್ಟಿನ ನೀರಿನಲ್ಲಿ ಮಕ್ಕಳು ಅದನ್ನು ತೇಲಿಸಿ, ಗಡಿಯಾರ ನೋಡಿ, ಎಷ್ಟು ಹೊತ್ತಿಗೆ ಮುಳುಗುವುದೆಂದು ಬರೆದಿಟ್ಟುಕೊಳ್ಳಲಿ. ಬೇಗನೆ ಮುಳುಗಿದರೆ ರಂಧ್ರ ದೊಡ್ಡದಾಯಿತು, ಸ್ವಲ್ಪ ಮೇಣ ಮೆತ್ತಿ ಮತ್ತೆ ಚುಚ್ಚಿರಿ. ಇಪ್ಪತ್ತನಾಲ್ಕು ನಿಮಿಷಕ್ಕೆ ಸರಿಯಾಗಿ ಬರುವವರೆಗೆ ಅವರು ಬಿಡುವುದಿಲ್ಲವೆಂಬುದು ನನ್ನ ಅನುಭವ. ಆ ಬಟ್ಟಲನ್ನು ಬಸ್ಸಿನಲ್ಲಿ ತನ್ನಿರಿ. ಕಲ್ಲಿನ ರಥಕ್ಕೆ ಹೋಗುವ ಮುನ್ನ ತುರ್ತು ಕಾಲುವೆಯ ಸೇತುವೆಯ ಬಳಿ ಒಂದು ಗಳಿಗೆ ಹೊತ್ತು ಬಸ್ಸನ್ನು ನಿಲ್ಲಿಸಿರಿ. ಬರುವ ದಿನವನ್ನು ಮುಂಚಿತವಾಗಿ ಕಮಲಾಪುರದ ಅಂಚೆಗೆ ಒಂದು ಕಾಗದ ಬರೆದು ತಿಳಿಸಿದರೆ, ಅಂದು ಬೆಳಿಗ್ಗೆ ನೀರು ತಿರುಗಿಸುವ ಪಾಳಿ ಯಾರದೋ ಅವರನ್ನು ಕೇಳಿಕೊಂಡು ನಾನು ಬದುವಿನ ಮೇಲೆ ಕಾದಿರುತ್ತೇನೆ. ಅವರು ಬಟ್ಟಲನ್ನು ಕಾಲುವೆಯ ಅಂಚಿನ ಕೊಡದಲ್ಲಿ ತೇಲಿಬಿಡಲಿ, ಅದು ಮುಳುಗಿದ ಮೇಲೆ ಮಕ್ಕಳಲ್ಲಿ ಒಬ್ಬರು ಸಲಿಕೆ ಹಿಡಿದು ಮಡೆಯನ್ನು ಮುಚ್ಚಲಿ. ಮೊದಲ ಹೆಂಟೆ ಕೊಚ್ಚಿಕೊಂಡು ಹೋಗುತ್ತದೆ. ಬಾಳೆಯ ಒಣಎಲೆಯನ್ನು ನಾನು ತಂದಿಟ್ಟಿರುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಕಮಲಾಪುರದ ಒಬ್ಬ ಹಳೆಯ ಮೇಷ್ಟರು